ಸಂಚಾರಿ ಸಂಗೀತಯಂತ್ರಗಳೂ ಧ್ವನಿಮಟ್ಟದ ಸಮೀಕರಣವೂ: ಒಂದು ಐತಿಹಾಸಿಕ ವಿವೇಚನೆ

೧

ಯಂತ್ರಗಳ ಇತಿಹಾಸವನ್ನು ಬರೆಯುವವರು ಅವುಗಳನ್ನು ಕಂಡುಹಿಡಿದವರ ಹೆಸರನ್ನೂ ಅವು ಬಳಕೆಗೆ ಬಂದ ವರ್ಷವನ್ನೂ ತಪ್ಪದೆ ದಾಖಲಿಸುತ್ತಾರೆ. ಆ ಯಂತ್ರದ ಕೆಲಸವನ್ನು ಯಾವ ಮಾನದಿಂದ ಅಳೆದರು ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಅವರ ಗಮನಕ್ಕೆ ಬರುವುದಿಲ್ಲ. ಒಂದು ರಾಜ್ಯದ ಕಂದಾಯವನ್ನು ಕುರಿತು ವಿಚಾರ ಮಾಡುವಾಗ ಭೂಮಿಯನ್ನು ಅಳೆದ ಕೋಲಿನ ಉದ್ದವೆಷ್ಟೆಂಬುದನ್ನು ಮೊದಲು ಕೇಳಬೇಕಾಗುತ್ತದೆ. ಶಾಸನಗಳಲ್ಲಿ ಗಳೆ, ಕೋಲು, ಮತ್ತರು ಮುಂತಾದ ಮಾತುಗಳು ಬಂದೆಡೆಯಲ್ಲಿ ವಿದ್ವಾಂಸರು ದೀರ್ಘವಾದ ಚರ್ಚೆಗೆ ತೊಡಗುವುದು ಈ ಕಾರಣದಿಂದಲೇ. ಕೋಲು ಬದಲಾದರೆ ತೆರಿಗೆ ಬದಲಾಗುತ್ತದೆ. ತೆರಿಗೆ ಬದಲಾದರೆ ಒಕ್ಕಲಿನ ಬಾಳೇ ಬದಲಾಗುತ್ತದೆ.

ಧ್ವನಿಮುದ್ರಣದ ಇತಿಹಾಸದಲ್ಲಿಯೂ ಇಂತಹುದೇ ಒಂದು ಪ್ರಕರಣ ನಡೆದಿದೆ. ಜೇಬಿನಲ್ಲಿ ಇಟ್ಟುಕೊಂಡು ಹೋಗಬಹುದಾದ ಸಂಗೀತಯಂತ್ರದಲ್ಲಿ ಒಂದು ಹಾಡು ಕಿವಿಗೊಟ್ಟು ಕೇಳಬೇಕಾದಷ್ಟು ಮೆಲ್ಲಗೆ ನುಡಿದು, ಅದರ ಬೆನ್ನಿಗೇ ಬಂದ ಇನ್ನೊಂದು ಹಾಡು ಕಿವಿಗಡಚಿಕ್ಕುವಂತೆ ಮೊಳಗುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಇದು ಯಂತ್ರದ ದೋಷವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಇದರ ಹಿಂದೆ ಸುಮಾರು ಅರ್ಧ ಶತಮಾನದ ವಾಣಿಜ್ಯ ಸ್ಪರ್ಧೆ, ಒಂದು ಅಪೂರ್ಣವಾದ ಅಳತೆಗೋಲು, ಆ ಕೋಲನ್ನು ತಿದ್ದಲು ಕೆಲವರು ಮಾಡಿದ ಪ್ರಯತ್ನ ಇವೆಲ್ಲ ಅಡಗಿವೆ. ಪ್ರಸ್ತುತ ಲೇಖನದಲ್ಲಿ ಈ ಬೆಳವಣಿಗೆಯನ್ನು ಕಾಲಾನುಕ್ರಮವಾಗಿ ಪರಿಶೀಲಿಸಿ, ಸಂಗೀತದ ಗುಣಮಟ್ಟಕ್ಕೂ ಕೇಳುಗರ ಕಿವಿಗೂ ಧ್ವನಿದಾಖಲೆಗಳ ರಕ್ಷಣೆಗೂ ಇದರಿಂದ ಒದಗಿದ ಲಾಭನಷ್ಟಗಳೇನೆಂಬುದನ್ನು ವಿವೇಚಿಸಲು ಯತ್ನಿಸುತ್ತೇವೆ.

೨

ಮೊದಲಿಗೆ ಒಂದೆರಡು ಪರಿಭಾಷೆಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಧ್ವನಿಯ ಬಲವೆಂಬುದು ಒಂದು ಭೌತಿಕ ಸಂಗತಿ. ಅದನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಧ್ವನಿಯ ಗಟ್ಟಿತನವಾದರೋ ಕೇಳುವವನ ಅನುಭವ. ಇವೆರಡೂ ಒಂದೇ ಅಲ್ಲವೆಂಬುದನ್ನು ೧೯೩೩ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಪ್ರಯೋಗಪೂರ್ವಕವಾಗಿ ತೋರಿಸಿಕೊಟ್ಟರು. ಮನುಷ್ಯನ ಕಿವಿಯು ಸೆಕೆಂಡಿಗೆ ಮೂರು ನಾಲ್ಕು ಸಾವಿರ ಕಂಪನಗಳುಳ್ಳ ಧ್ವನಿಯನ್ನು ಅತ್ಯಂತ ಸೂಕ್ಷ್ಮವಾಗಿ ಗ್ರಹಿಸುತ್ತದೆ. ಮದ್ದಳೆಯ ಎಡಗೈ ಭಾಗದಿಂದ ಹೊರಡುವಂತಹ ತಗ್ಗು ನಾದವನ್ನು ಗ್ರಹಿಸುವುದರಲ್ಲಿ ಅದು ಮಂದ. ಈ ಮಂದತೆ ಮೆಲುದನಿಯಲ್ಲಿ ಹೆಚ್ಚು, ಗಟ್ಟಿದನಿಯಲ್ಲಿ ಕಡಿಮೆ.

ಇದರಿಂದ ಒಂದು ಮುಖ್ಯವಾದ ಪರಿಣಾಮ ಉಂಟಾಗುತ್ತದೆ. ಒಂದೇ ಧ್ವನಿಮುದ್ರಿಕೆಯನ್ನು ಎರಡು ಸಲ, ಎರಡನೆಯ ಸಲ ತುಸು ಗಟ್ಟಿಯಾಗಿ ನುಡಿಸಿದರೆ, ಎರಡನೆಯದೇ ಹೆಚ್ಚು ತುಂಬುನಾದದ್ದೆಂದೂ ಉತ್ತಮವಾದದ್ದೆಂದೂ ಕೇಳುಗನಿಗೆ ತೋರುತ್ತದೆ. ಮುದ್ರಿಕೆಯಲ್ಲಿ ಏನೂ ಬದಲಾಗಿರುವುದಿಲ್ಲ. ಕಿವಿ ಮಾತ್ರ ಮೋಸಹೋಗಿರುತ್ತದೆ. ಮುಂದೆ ನಾವು ವಿವರಿಸಲಿರುವ ಸ್ಪರ್ಧೆಯ ಬೇರು ಇಲ್ಲಿದೆ.

ಇನ್ನು ಅಳತೆಯ ಉಪಕರಣದ ವಿಚಾರ. ೧೯೩೯ರಲ್ಲಿ ಬೆಲ್ ಪ್ರಯೋಗಾಲಯವೂ ಅಮೆರಿಕದ ಎರಡು ದೊಡ್ಡ ಪ್ರಸಾರಸಂಸ್ಥೆಗಳಾದ ಸಿಬಿಎಸ್ ಮತ್ತು ಎನ್‌ಬಿಸಿಗಳೂ ಕೂಡಿ ವಿಯು ಮೀಟರ್ ಎಂಬ ಮುಳ್ಳಿನ ಮಾಪಕವನ್ನು ಬಳಕೆಗೆ ತಂದವು. ಈ ಮುಳ್ಳು ತನ್ನ ಗುರುತನ್ನು ಮುಟ್ಟಲು ಸುಮಾರು ೩೦೦ ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಆದಕಾರಣ ಕ್ಷಣಮಾತ್ರದ ಶಿಖರಗಳನ್ನು ಅದು ತೋರಿಸಲಾರದು. ಧ್ವನಿಯ ಸರಾಸರಿಯನ್ನು ಮಾತ್ರ ತೋರಿಸುತ್ತದೆ. ಕಿವಿಯ ನಡೆಯೂ ಬಹುಮಟ್ಟಿಗೆ ಹೀಗೆಯೇ. ಹೀಗಾಗಿ ಆ ಹಳೆಯ ಮಾಪಕ, ಅದರ ನಿಧಾನಗತಿಯ ಕಾರಣದಿಂದಲೇ, ಕೇಳುವವನ ಅನುಭವಕ್ಕೆ ಸಮೀಪವಾಗಿತ್ತು. ಅನಂತರ ಬಂದ ಅಂಕೀಯ ಮಾಪಕಗಳು ಶಿಖರವನ್ನು ಕರಾರುವಾಕ್ಕಾಗಿ ತೋರಿಸಿದವು. ಅನುಭವದಿಂದ ದೂರ ಸರಿದವು.

೩

ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಗಟ್ಟಿತನಕ್ಕೆ ಪ್ರಕೃತಿಯೇ ಒಂದು ಎಲ್ಲೆಯನ್ನು ಹಾಕಿತ್ತು. ಧ್ವನಿ ಗಟ್ಟಿಯಾದಷ್ಟೂ ತಟ್ಟೆಯ ಗೆರೆ ಅಗಲವಾಗಿ ಅಲುಗಬೇಕು. ಗೆರೆ ಅಗಲವಾದಷ್ಟೂ ತಟ್ಟೆಯಲ್ಲಿ ಹಿಡಿಯುವ ಸಂಗೀತದ ಅವಧಿ ಕಡಿಮೆಯಾಗಬೇಕು. ಮಿತಿಮೀರಿದರೆ ಸೂಜಿಯೇ ಗೆರೆಯಿಂದ ಹಾರಿಹೋಗುತ್ತಿತ್ತು. ಆದರೂ ಸ್ಪರ್ಧೆ ಇರಲಿಲ್ಲವೆಂದು ಹೇಳಲಾಗದು. ಅಮೆರಿಕದ ಹೋಟಲುಗಳಲ್ಲಿ ನಾಣ್ಯ ಹಾಕಿದರೆ ಹಾಡುತ್ತಿದ್ದ ಜೂಕ್‌ಬಾಕ್ಸ್ ಪೆಟ್ಟಿಗೆಗಳಲ್ಲಿ ಎಲ್ಲ ತಟ್ಟೆಗಳಿಗೂ ಒಂದೇ ವಾಲ್ಯೂಂ ಇರುತ್ತಿದ್ದುದರಿಂದ, ಗಟ್ಟಿಯಾಗಿ ಕೊರೆದ ತಟ್ಟೆ ಜನರ ಗಮನವನ್ನು ಸೆಳೆಯುತ್ತಿತ್ತು. ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಚಿಕ್ಕ ತಟ್ಟೆಗಳು ಈ ಬಗೆಯ ಗಟ್ಟಿತನಕ್ಕೆ ಹೆಸರಾಗಿದ್ದವು.

ಫಿಲಿಪ್ಸ್ ಸಂಸ್ಥೆಯು ೧೯೬೩ರಲ್ಲಿ ಬರ್ಲಿನ್ ನಗರದ ಪ್ರದರ್ಶನದಲ್ಲಿ ಕ್ಯಾಸೆಟ್ಟನ್ನು ಮೊದಲು ತೋರಿಸಿತು. ಅದರ ಟೇಪು ನಾಲ್ಕು ಮಿಲಿಮೀಟರಿಗಿಂತ ಕಿರಿದು. ಚಲಿಸುವ ವೇಗ ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಕಡಿಮೆ. ಆದ್ದರಿಂದ ಮೆಲುದನಿಯ ಭಾಗಗಳಲ್ಲಿ 'ಸುಸ್' ಎಂಬ ಟೇಪಿನ ಸದ್ದು ಮುಂದಕ್ಕೆ ಬರುತ್ತಿತ್ತು. ಈ ಸದ್ದನ್ನು ಸುಮಾರು ೧೦ ಡೆಸಿಬೆಲ್‌ಗಳಷ್ಟು ತಗ್ಗಿಸುವ ಡಾಲ್ಬಿ ಬಿ ವಿಧಾನವು ೧೯೬೮ರಲ್ಲಿ ಬಂದ ಮೇಲೆಯೇ ಕ್ಯಾಸೆಟ್ ಸಂಗೀತಕ್ಕೆ ಯೋಗ್ಯವಾದ ಸಾಧನವೆನಿಸಿಕೊಂಡಿತು. ಕನ್ನಡನಾಡಿನ ಮಟ್ಟಿಗೆ ಹೇಳುವುದಾದರೆ, ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗಸಂಯೋಜನೆ ಮಾಡಿದ 'ನಿತ್ಯೋತ್ಸವ' ಕ್ಯಾಸೆಟ್ ಹೊರಬಂದದ್ದು ೧೯೭೮ರಲ್ಲಿ. ಇದನ್ನು ಕನ್ನಡ ಸುಗಮಸಂಗೀತದ ಮೊದಲ ಕ್ಯಾಸೆಟ್ ಎಂದು ಪರಿಗಣಿಸಲಾಗಿದೆ.

ಅದರ ಮರುವರ್ಷವೇ, ೧೯೭೯ನೆಯ ಜುಲೈ ೧ರಂದು, ಜಪಾನಿನ ಸೋನಿ ಸಂಸ್ಥೆಯು ವಾಕ್‌ಮನ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಬೆಲೆ ೩೩,೦೦೦ ಯೆನ್. ಈ ಮೊದಲ ಯಂತ್ರದಲ್ಲಿ ಎರಡು ಹೆಡ್‌ಫೋನುಗಳನ್ನು ಸಿಕ್ಕಿಸಲು ಎರಡು ರಂಧ್ರಗಳಿದ್ದವು. ಸಂಗೀತವನ್ನು ತಗ್ಗಿಸಿ ಜೊತೆಗಾರರೊಡನೆ ಮಾತನಾಡಲು ಒಂದು ಗುಂಡಿಯೂ ಇತ್ತು. ಏಕಾಂತದಲ್ಲಿ ಸಂಗೀತ ಕೇಳುವುದು ಒರಟುತನವೆನಿಸೀತೆಂಬ ಶಂಕೆ ತಯಾರಕರಿಗೇ ಇದ್ದಿತೆಂಬುದಕ್ಕೆ ಇದು ಸಾಕ್ಷಿ. ಸಂಗೀತವು ಕೋಣೆಯನ್ನು ಬಿಟ್ಟು ಬೀದಿಗೆ, ಬಸ್ಸಿಗೆ, ರೈಲಿಗೆ ಬಂದದ್ದು ಇಲ್ಲಿಂದ.

ಆದರೂ ಈ ಕಾಲದಲ್ಲಿ ಧ್ವನಿಮಟ್ಟದ ಏರುಪೇರು ದೊಡ್ಡ ಸಮಸ್ಯೆಯಾಗಿರಲಿಲ್ಲ. ಒಂದು ಕ್ಯಾಸೆಟ್ಟಿನ ಹಾಡುಗಳೆಲ್ಲ ಸಾಮಾನ್ಯವಾಗಿ ಒಂದೇ ಕೈಯಿಂದ ಒಂದೇ ಹದದಲ್ಲಿ ಸಿದ್ಧವಾದವು. ಬೇರೆ ಬೇರೆ ಮೂಲಗಳಿಂದ ಹಾಡುಗಳನ್ನು ಆರಿಸಿ ಮನೆಯಲ್ಲಿ ತುಂಬಿಸಿಕೊಳ್ಳುವವನು ಮಾಪಕದ ಮುಳ್ಳನ್ನು ನೋಡುತ್ತ ಪ್ರತಿಯೊಂದು ಹಾಡಿನ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುತ್ತಿದ್ದನು. ಅಗ್ಗದ ಯಂತ್ರಗಳಲ್ಲಿ ಈ ಕೆಲಸವನ್ನು ತಾನಾಗಿಯೇ ಮಾಡುವ ಏರ್ಪಾಟು ಇರುತ್ತಿತ್ತು. ಆದರೆ ಅದು ಹಾಡಿನ ನಡುವಣ ಮೌನವನ್ನೂ ಮೇಲೆತ್ತಿ ಸದ್ದಾಗಿಸುತ್ತಿತ್ತು. ಮಟ್ಟವನ್ನು ಸಮಗೊಳಿಸುವುದು ಬೇರೆ, ಏರಿಳಿತವನ್ನು ಅಳಿಸುವುದು ಬೇರೆ ಎಂಬ ಭೇದ ಇಲ್ಲಿಯೇ ಗೋಚರವಾಗುತ್ತದೆ. ಈ ಭೇದವೇ ನಮ್ಮ ವಿವೇಚನೆಯ ಮುಖ್ಯ ಸೂತ್ರ.

೪

೧೯೮೨ನೆಯ ಅಕ್ಟೋಬರ್ ೧ರಂದು ಕಾಂಪ್ಯಾಕ್ಟ್ ಡಿಸ್ಕ್ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ೧೯೮೪ರಲ್ಲಿ ಸೋನಿಯು ಡಿ-೫೦ ಎಂಬ ಚಿಕ್ಕ ಯಂತ್ರವನ್ನು ತಂದು ಈ ಹೊಸ ತಟ್ಟೆಯನ್ನೂ ಸಂಚಾರಿಯಾಗಿಸಿತು. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ ೪೪,೧೦೦ ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ ೬೫,೫೩೬ ಮೆಟ್ಟಿಲುಗಳಲ್ಲಿ ಒಂದರ ಮೇಲೆ ಇಡಲಾಗುತ್ತದೆ. ಇದರಿಂದ ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವೆ ಸುಮಾರು ೯೬ ಡೆಸಿಬೆಲ್‌ಗಳ ಅಂತರ ದೊರೆಯಿತು. ಕ್ಯಾಸೆಟ್ಟಾಗಲಿ ಗ್ರಾಮಫೋನ್ ತಟ್ಟೆಯಾಗಲಿ ಇಷ್ಟು ವಿಸ್ತಾರವಾದ ಅವಕಾಶವನ್ನು ಎಂದೂ ಕೊಟ್ಟಿರಲಿಲ್ಲ.

ಈ ವ್ಯವಸ್ಥೆಯಲ್ಲಿ ಮೇಲಿನ ಮೆಟ್ಟಿಲೇ ಕೊನೆಯದು. ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಹೋದರೆ ಅಲೆಯ ತಲೆ ಕತ್ತರಿಸಿದಂತಾಗಿ ಧ್ವನಿ ವಿಕೃತವಾಗುತ್ತದೆ. ಹೀಗಾಗಿ ಶಿಖರವು ಎಲ್ಲಿದೆ ಎಂಬುದೊಂದೇ ನಿಯಮವಾಯಿತು. ಸರಾಸರಿ ಎಷ್ಟಿರಬೇಕೆಂಬುದಕ್ಕೆ ನಿಯಮವೇ ಇರಲಿಲ್ಲ. ಸಿಡಿಯ ಮೊದಲ ವರ್ಷಗಳಲ್ಲಿ ಇದರಿಂದ ಬಾಧಕವಾಗಲಿಲ್ಲ. ಹಳೆಯ ಅಭ್ಯಾಸದ ತಂತ್ರಜ್ಞರು ಸರಾಸರಿಯನ್ನು ಮೇಲಿನ ಮಿತಿಯಿಂದ ಸಾಕಷ್ಟು ಕೆಳಗೆ ಇರಿಸಿ, ತಾಳವಾದ್ಯಗಳ ಪೆಟ್ಟಿಗೂ ತಾರಸ್ಥಾಯಿಯ ಏರಿಕೆಗೂ ಅವಕಾಶ ಬಿಡುತ್ತಿದ್ದರು.

ತೊಂಬತ್ತರ ದಶಕದಲ್ಲಿ ಸ್ಥಿತಿ ಬದಲಾಯಿತು. ೧೯೭೫ರಿಂದಲೇ ಅಮೆರಿಕದ ಬಾನುಲಿ ಕೇಂದ್ರಗಳು ಆಪ್ಟಿಮಾಡ್ ಎಂಬ ಉಪಕರಣದಿಂದ ತಮ್ಮ ಪ್ರಸಾರವನ್ನು ನೆರೆಯ ಕೇಂದ್ರಕ್ಕಿಂತ ಗಟ್ಟಿಯಾಗಿಸುವ ಪೈಪೋಟಿಯಲ್ಲಿದ್ದವು. ೧೯೯೪ರಲ್ಲಿ ವೇವ್ಸ್ ಸಂಸ್ಥೆಯು ಎಲ್೧ ಎಂಬ ಅಂಕೀಯ ಲಿಮಿಟರನ್ನು ಹೊರತಂದಿತು. ಬರಲಿರುವ ಶಿಖರವನ್ನು ಮುಂದಾಗಿ ಕಂಡು ಅದನ್ನು ಮಾತ್ರ ತಗ್ಗಿಸಿ, ಉಳಿದೆಲ್ಲವನ್ನೂ ಮೇಲಕ್ಕೆ ಎತ್ತುವುದು ಇದರ ಕೆಲಸ. ಬೆಟ್ಟದ ತುದಿಗಳನ್ನು ಕಡಿದು ಕಣಿವೆಗಳನ್ನು ತುಂಬಿಸಿದರೆ ನೆಲದ ಸರಾಸರಿ ಎತ್ತರ ಹೆಚ್ಚುತ್ತದೆ. ಆದರೆ ಅಲ್ಲಿ ಬೆಟ್ಟವೂ ಇರುವುದಿಲ್ಲ, ಕಣಿವೆಯೂ ಇರುವುದಿಲ್ಲ. ಧ್ವನಿಮುದ್ರಿಕೆಗಳ ಗತಿಯೂ ಇದೇ ಆಯಿತು. ಒಂದು ಸಂಸ್ಥೆ ತನ್ನ ಮುದ್ರಿಕೆಯನ್ನು ಗಟ್ಟಿಯಾಗಿಸಿದರೆ ಇನ್ನೊಂದು ಸುಮ್ಮನಿರುವಂತಿರಲಿಲ್ಲ. ಓಯಸಿಸ್ ತಂಡದ ೧೯೯೫ರ ಮುದ್ರಿಕೆ, ರೆಡ್ ಹಾಟ್ ಚಿಲಿ ಪೆಪ್ಪರ್ಸ್ ತಂಡದ ೧೯೯೯ರ ಮುದ್ರಿಕೆ ಇವು ಈ ಓಟದ ಮೈಲಿಗಲ್ಲುಗಳೆಂದು ಪರಿಗಣಿತವಾಗಿವೆ. ೨೦೦೮ರ ಸೆಪ್ಟೆಂಬರಿನಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಹೊರಬಂದಾಗ ವಿಷಯ ಸಾರ್ವಜನಿಕ ವಾದಕ್ಕೆ ಬಂದಿತು. ಅವೇ ಹಾಡುಗಳು 'ಗಿಟಾರ್ ಹೀರೋ' ಎಂಬ ಆಟದಲ್ಲಿಯೂ ದೊರೆಯುತ್ತಿದ್ದವು. ಅಲ್ಲಿ ಅವನ್ನು ಅಷ್ಟಾಗಿ ಅದುಮಿರಲಿಲ್ಲ. ಎರಡನ್ನೂ ಹೋಲಿಸಿ ಕೇಳಿದ ಅಭಿಮಾನಿಗಳು ಸಿಡಿಯ ಧ್ವನಿ ಒಡೆದಂತಿದೆಯೆಂದು ಆಕ್ಷೇಪಿಸಿ, ಅದನ್ನು ಮತ್ತೆ ಸಿದ್ಧಪಡಿಸಬೇಕೆಂದು ಮನವಿಪತ್ರ ಹೊರಡಿಸಿದರು. ಧ್ವನಿಯ ಗುಣವನ್ನು ಕುರಿತು ಸಾಮಾನ್ಯ ಕೇಳುಗರು ಇಷ್ಟು ದೊಡ್ಡ ಸಂಖ್ಯೆಯಲ್ಲಿ ದನಿಯೆತ್ತಿದ್ದು ಅಪರೂಪ.

ಇಲ್ಲಿ ಪ್ರತಿಪಕ್ಷದ ವಾದವನ್ನೂ ಗಮನಿಸದೆ ಇರುವುದು ನ್ಯಾಯವಲ್ಲ. ಓಡುವ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಕುಳಿತು ಕೇಳುವವನಿಗೆ ಮೆಲುದನಿಯ ಭಾಗಗಳು ಸುತ್ತಲಿನ ಗದ್ದಲದಲ್ಲಿ ಮುಳುಗಿಹೋಗುತ್ತವೆ. ಆದಕಾರಣ ಏರಿಳಿತವನ್ನು ಒಂದಿಷ್ಟು ಕುಗ್ಗಿಸುವುದು ಸಂಚಾರಿ ಯಂತ್ರಕ್ಕೆ ಅನುಕೂಲವೇ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಬಸ್ಸಿನಲ್ಲಿ ಬೇಕಾದ ಅನುಕೂಲವನ್ನು ಯಂತ್ರದಲ್ಲಿ ಒದಗಿಸಬಹುದು. ಬೇಡವಾದಾಗ ಕೇಳುಗನು ಅದನ್ನು ನಿಲ್ಲಿಸಿಕೊಳ್ಳಬಹುದು. ಮುದ್ರಿಕೆಯಲ್ಲಿಯೇ ಅದನ್ನು ಮಾಡಿಬಿಟ್ಟರೆ, ಮನೆಯ ನಿಶ್ಶಬ್ದದಲ್ಲಿ ಕೇಳುವವನಿಗೂ ಮುಂದಿನ ತಲೆಮಾರಿನವನಿಗೂ ಕಳೆದುಹೋದದ್ದು ಮರಳಿ ದೊರೆಯುವುದಿಲ್ಲ.

೫

ಸಮಸ್ಯೆ ಮನೆಮನೆಯ ಅನುಭವವಾದದ್ದು ಎಂಪಿ೩ ಯಂತ್ರಗಳ ಕಾಲದಲ್ಲಿ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಮೊದಲಾದವರು ರೂಪಿಸಿದ ಈ ಪದ್ಧತಿ, ಒಂದು ಧ್ವನಿ ಇನ್ನೊಂದನ್ನು ಮರೆಮಾಡುವ ಕಿವಿಯ ಸ್ವಭಾವವನ್ನು ಉಪಯೋಗಿಸಿಕೊಂಡು, ಕೇಳಿಸಲಾರದ ಅಂಶಗಳನ್ನು ತೊರೆಯುತ್ತದೆ. ಸಿಡಿಯಲ್ಲಿ ಸೆಕೆಂಡಿಗೆ ಸುಮಾರು ೧,೪೧೧ ಕಿಲೋಬಿಟ್ ಬೇಕಾಗಿದ್ದ ಸಂಗೀತವು ೧೨೮ ಕಿಲೋಬಿಟ್‌ಗಳಲ್ಲಿ ಅಡಗಿತು. ೧೯೯೮ರಲ್ಲಿ ಕೊರಿಯದ ಎಂಪಿಮ್ಯಾನ್ ಮತ್ತು ಅಮೆರಿಕದ ರಿಯೊ ಯಂತ್ರಗಳು ಬಂದವು. ೨೦೦೧ನೆಯ ಅಕ್ಟೋಬರ್ ೨೩ರಂದು ಆ್ಯಪಲ್ ಸಂಸ್ಥೆಯು ಐಪಾಡನ್ನು ಪ್ರಕಟಿಸಿತು. ೫ ಗಿಗಾಬೈಟ್ ಸಂಗ್ರಹ, ೧,೦೦೦ ಹಾಡು, ೩೯೯ ಡಾಲರ್ ಬೆಲೆ.

ಗಾತ್ರವನ್ನು ಕುಗ್ಗಿಸುವ ಈ ಪದ್ಧತಿಯನ್ನೂ ಏರಿಳಿತವನ್ನು ಕುಗ್ಗಿಸುವ ಲಿಮಿಟರಿನ ಕೆಲಸವನ್ನೂ ಅನೇಕರು ಒಂದೇ ಎಂದು ತಿಳಿಯುತ್ತಾರೆ. ಇದು ಸರಿಯಲ್ಲ. ಎಂಪಿ೩ ಕಡತದಲ್ಲಿ ಸೂಕ್ಷ್ಮಾಂಶಗಳು ಕಡಿಮೆಯಾಗಬಹುದು. ಮೆಲ್ಲಗೆ ಇದ್ದದ್ದು ಮೆಲ್ಲಗೂ ಗಟ್ಟಿಯಾದದ್ದು ಗಟ್ಟಿಯಾಗಿಯೂ ಉಳಿಯುತ್ತವೆ. ಸಂಗೀತದ ಜೀವಾಳವಾದ ಏರಿಳಿತಕ್ಕೆ ಅದರಿಂದ ಹೆಚ್ಚಿನ ಹಾನಿಯಿಲ್ಲ.

ಆದರೆ ಸಾವಿರ ಹಾಡುಗಳು ಒಂದೇ ಪೆಟ್ಟಿಗೆಯಲ್ಲಿ ಸೇರಿ, ಯಂತ್ರವೇ ಮನಬಂದಂತೆ ಒಂದಾದ ಮೇಲೊಂದನ್ನು ಆರಿಸಿ ನುಡಿಸುವ ಸೌಕರ್ಯ ಒದಗಿದಾಗ, ೧೯೮೫ರ ಸಿಡಿಯಿಂದ ಬಂದ ಹಾಡೂ ೨೦೦೦ದ ಸಿಡಿಯಿಂದ ಬಂದ ಹಾಡೂ ನೆರೆಹೊರೆಯಾದವು. ಅವೆರಡರ ಸರಾಸರಿಯ ನಡುವೆ ೧೦ ಡೆಸಿಬೆಲ್‌ಗಳ ಅಂತರವಿದ್ದರೂ ಆಶ್ಚರ್ಯವಿಲ್ಲ. ಕಿವಿಗೆ ಅದು ಸುಮಾರು ಎರಡರಷ್ಟು ಗಟ್ಟಿಯಾಗಿ ತೋರುತ್ತದೆ. ಹಿಂದೆ ಅಂಗಡಿಯ ಕಪಾಟುಗಳಲ್ಲಿ ಬೇರೆ ಬೇರೆಯಾಗಿ ನಿಂತಿದ್ದ ಕಾಲಘಟ್ಟಗಳು ಒಂದು ಜೇಬಿನಲ್ಲಿ ಎದುರುಬದುರಾದುದರಿಂದಲೇ ಸ್ಪರ್ಧೆಯ ಚರಿತ್ರೆ ಎಲ್ಲರಿಗೂ ಕೇಳಿಸಿತೆಂದು ಹೇಳಬಹುದು. ನಮ್ಮ ದೇಶದಲ್ಲಿ ಸಾರೆಗಾಮಾ ಸಂಸ್ಥೆಯು ೨೦೧೭ರಲ್ಲಿ ಹೊರತಂದ ಕಾರವಾನ್ ಎಂಬ ಪೆಟ್ಟಿಗೆಯಲ್ಲಿ ೫,೦೦೦ ಹಳೆಯ ಹಾಡುಗಳನ್ನು ಮೊದಲೇ ತುಂಬಿಡಲಾಗಿತ್ತು. ಹಲವು ದಶಕಗಳ ಮುದ್ರಿಕೆಗಳು ಒಂದೆಡೆ ಕಲೆತಾಗ ಸಮಮಟ್ಟದ ಪ್ರಶ್ನೆ ಎಷ್ಟು ಅನಿವಾರ್ಯವೆಂಬುದಕ್ಕೆ ಇಂತಹ ಯಂತ್ರಗಳು ನಿದರ್ಶನ.

ಪರಿಹಾರವಾಗಿ ಮೊದಲು ಹೊಳೆದದ್ದು ಶಿಖರಗಳನ್ನು ಸಮಗೊಳಿಸುವ ಉಪಾಯ. ಪ್ರತಿಯೊಂದು ಹಾಡಿನ ಅತ್ಯುನ್ನತ ಶಿಖರವನ್ನೂ ಒಂದೇ ಮಟ್ಟಕ್ಕೆ ತಂದರಾಯಿತೆಂದು ಕೆಲವರು ಬಗೆದರು. ಇದರಿಂದ ಪ್ರಯೋಜನವಾಗಲಿಲ್ಲ; ಏಕೆಂದರೆ ಅದುಮಿದ ಹಾಡಿನ ಶಿಖರವೂ ಅದುಮದ ಹಾಡಿನ ಶಿಖರವೂ ಆಗಲೇ ಒಂದೇ ಎತ್ತರದಲ್ಲಿದ್ದವು. ವ್ಯತ್ಯಾಸವಿದ್ದದ್ದು ಸರಾಸರಿಯಲ್ಲಿ. ರೋಗವನ್ನು ತಂದ ಅಳತೆಗೋಲಿನಿಂದಲೇ ರೋಗವನ್ನು ಅಳೆದಂತಾಯಿತು.

೨೦೦೧ರಲ್ಲಿ ಡೇವಿಡ್ ರಾಬಿನ್ಸನ್ ಎಂಬವರು ಮುಂದಿಟ್ಟ ರಿಪ್ಲೇಗೇನ್ ಎಂಬ ಸಲಹೆ ಇಲ್ಲಿ ಹೊಸ ದಾರಿಯನ್ನು ತೆರೆಯಿತು. ಅವರ ವಿಧಾನದಲ್ಲಿ ಮೊದಲು ಧ್ವನಿಯನ್ನು ಕಿವಿಯ ಸೂಕ್ಷ್ಮತೆಗೆ ಅನುಗುಣವಾಗಿ ಸೋಸಲಾಗುತ್ತದೆ. ಬಳಿಕ ೫೦ ಮಿಲಿಸೆಕೆಂಡುಗಳ ತುಣುಕುಗಳಾಗಿ ವಿಂಗಡಿಸಿ ಪ್ರತಿಯೊಂದರ ಶಕ್ತಿಯನ್ನು ಅಳೆಯಲಾಗುತ್ತದೆ. ಆ ಅಳತೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನೂರಕ್ಕೆ ೯೫ರ ಸ್ಥಾನದಲ್ಲಿರುವ ಬೆಲೆಯನ್ನು ಹಾಡಿನ ಗಟ್ಟಿತನವೆಂದು ಪರಿಗಣಿಸಲಾಗುತ್ತದೆ. ನಿಗದಿಯಾದ ಮಟ್ಟಕ್ಕೂ ಈ ಬೆಲೆಗೂ ಇರುವ ಅಂತರವನ್ನು ಕಡತದ ಜೊತೆಗಿರುವ ಟಿಪ್ಪಣಿಯಲ್ಲಿ ಬರೆದಿಡುತ್ತಾರೆ. ಯಂತ್ರವು ಹಾಡನ್ನು ನುಡಿಸುವಾಗ ಆ ಟಿಪ್ಪಣಿಯನ್ನು ಓದಿಕೊಂಡು ವಾಲ್ಯೂಮನ್ನು ಅಷ್ಟು ಏರಿಸುತ್ತದೆ ಅಥವಾ ಇಳಿಸುತ್ತದೆ.

ಈ ವಿಧಾನದ ಹಿರಿಮೆಯಿರುವುದು ಎರಡು ಅಂಶಗಳಲ್ಲಿ. ಒಂದನೆಯದು, ಮೂಲ ಕಡತದ ಒಂದು ಅಂಕಿಯೂ ಬದಲಾಗುವುದಿಲ್ಲ. ಹಸ್ತಪ್ರತಿಯನ್ನು ತಿದ್ದದೆ ಅಂಚಿನಲ್ಲಿ ತನ್ನ ಅಭಿಪ್ರಾಯವನ್ನು ಬರೆದಿಡುವ ಪ್ರಾಮಾಣಿಕ ಸಂಪಾದಕನ ಕೆಲಸವನ್ನು ಇದು ಹೋಲುತ್ತದೆ. ಟಿಪ್ಪಣಿಯನ್ನು ತೆಗೆದುಹಾಕಿದರೆ ಮೂಲ ಹಾಗೆಯೇ ಉಳಿಯುತ್ತದೆ. ಎರಡನೆಯದು, ಹಾಡಿಗೊಂದು ಬೆಲೆಯಂತೆ ಇಡೀ ಸಂಪುಟಕ್ಕೂ ಒಂದು ಬೆಲೆಯನ್ನು ಗುರುತಿಸುವ ಅವಕಾಶವಿದೆ. ಇದರ ಮಹತ್ತ್ವ ನಮ್ಮ ಸಂಗೀತಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಒಂದು ಹಿಂದುಸ್ತಾನಿ ಕಛೇರಿಯ ಮುದ್ರಿಕೆಯಲ್ಲಿ ಆಲಾಪ, ವಿಲಂಬಿತ, ದ್ರುತ ಇವು ಬೇರೆ ಬೇರೆ ಭಾಗಗಳಾಗಿರುತ್ತವೆಂದು ಇಟ್ಟುಕೊಳ್ಳೋಣ. ಪ್ರತಿಯೊಂದು ಭಾಗವನ್ನೂ ಪ್ರತ್ಯೇಕವಾಗಿ ಒಂದೇ ಮಟ್ಟಕ್ಕೆ ತಂದರೆ, ಮಂದ್ರದಲ್ಲಿ ಮೆಲ್ಲನೆ ಆರಂಭವಾಗುವ ಆಲಾಪವು ದ್ರುತದಷ್ಟೇ ಗಟ್ಟಿಯಾಗಿಬಿಡುತ್ತದೆ. ಗಾಯಕನು ಗಂಟೆಯ ಹೊತ್ತು ಕಟ್ಟಿದ ಏರಿಕೆ ವ್ಯರ್ಥವಾಗುತ್ತದೆ. ಸಂಪುಟಕ್ಕೆಲ್ಲ ಒಂದೇ ಬೆಲೆಯನ್ನು ಅನ್ವಯಿಸಿದಾಗ ಭಾಗಗಳ ನಡುವಣ ತಾರತಮ್ಯ ಉಳಿದುಕೊಳ್ಳುತ್ತದೆ.

ಆದರೆ ಸುಧಾರಕರೂ ಕಾಲದ ಒತ್ತಡಕ್ಕೆ ಮಣಿಯಬೇಕಾಯಿತು. ಚಲನಚಿತ್ರ ಮಂದಿರಗಳ ಪದ್ಧತಿಯನ್ನು ಅನುಸರಿಸಿ ರಾಬಿನ್ಸನ್ ಅವರು ಮೊದಲು ಸೂಚಿಸಿದ ಮಟ್ಟ ೮೩ ಡೆಸಿಬೆಲ್. ಇದರಿಂದ ಧ್ವನಿ ತೀರ ಮೆಲ್ಲಗಾಗುತ್ತದೆಂಬ ಆಕ್ಷೇಪಣೆ ಬಂದುದರಿಂದ ಬಳಕೆಯಲ್ಲಿ ಅದು ೮೯ಕ್ಕೆ ಏರಿತು. ಏರಿಳಿತವುಳ್ಳ ಶಾಸ್ತ್ರೀಯ ಮುದ್ರಿಕೆಗೆ ೮೩ರ ಮಟ್ಟ ಕೊಡುತ್ತಿದ್ದ ಅವಕಾಶದಲ್ಲಿ ೬ ಡೆಸಿಬೆಲ್‌ಗಳಷ್ಟು ಇದರಿಂದ ಕಡಿಮೆಯಾಯಿತು. ಆ್ಯಪಲ್ ಸಂಸ್ಥೆಯು ೨೦೦೨ರಲ್ಲಿ ಸೌಂಡ್ ಚೆಕ್ ಎಂಬ ಹೆಸರಿನಿಂದ ತನ್ನದೇ ಆದ ಏರ್ಪಾಟನ್ನು ಐಟ್ಯೂನ್ಸ್‌ನಲ್ಲಿ ಸೇರಿಸಿತು. ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶವು ಅನೇಕ ತಯಾರಕರ ಯಂತ್ರಗಳಿಗೆ ರಿಪ್ಲೇಗೇನನ್ನು ತಂದುಕೊಟ್ಟಿತು.

೬

ಹವ್ಯಾಸಿಗಳ ವಲಯದಲ್ಲಿ ಹುಟ್ಟಿದ ಈ ವಿಚಾರಕ್ಕೆ ಅಂತಾರಾಷ್ಟ್ರೀಯ ಮನ್ನಣೆ ಬಂದದ್ದು ದೂರದರ್ಶನದ ಜಾಹೀರಾತುಗಳ ನೆಪದಿಂದ. ಕಾರ್ಯಕ್ರಮಕ್ಕಿಂತ ಜಾಹೀರಾತು ಗಟ್ಟಿಯಾಗಿರುತ್ತದೆಂಬ ದೂರು ಎಲ್ಲ ದೇಶಗಳಲ್ಲಿಯೂ ಇತ್ತು. ೨೦೦೬ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಬಿಎಸ್ ೧೭೭೦ ಎಂಬ ಶಿಫಾರಸಿನ ಮೂಲಕ ಗಟ್ಟಿತನವನ್ನು ಅಳೆಯುವ ಒಂದು ಸರ್ವಸಮ್ಮತ ವಿಧಾನವನ್ನು ಪ್ರಕಟಿಸಿತು. ೨೦೧೦ರಲ್ಲಿ ಯುರೋಪಿನ ಪ್ರಸಾರ ಒಕ್ಕೂಟವು ಆರ್ ೧೨೮ ಎಂಬ ನಿಯಮದಿಂದ ಕಾರ್ಯಕ್ರಮಗಳ ಮಟ್ಟವನ್ನು ಅಂಕೀಯ ಮಿತಿಯಿಂದ ೨೩ ಮಾನಗಳಷ್ಟು ಕೆಳಗೆ ನಿಲ್ಲಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಜಾಹೀರಾತುಗಳ ಗಟ್ಟಿತನವನ್ನು ನಿಯಂತ್ರಿಸುವ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದು, ೨೦೧೨ರ ಡಿಸೆಂಬರಿನಿಂದ ಅದು ಜಾರಿಗೆ ಬಂದಿತು.

ಬಳಿಕ ಸಂಗೀತವನ್ನು ಅಂತರ್ಜಾಲದ ಮೂಲಕ ಹರಿಯಬಿಡುವ ಸಂಸ್ಥೆಗಳೂ ಈ ಮಾನವನ್ನು ಸ್ವೀಕರಿಸಿದವು. ಸ್ಪಾಟಿಫೈ ಸಾಮಾನ್ಯವಾಗಿ ಮಿತಿಯಿಂದ ೧೪ ಮಾನ ಕೆಳಗಿನ ಮಟ್ಟವನ್ನೂ, ಆ್ಯಪಲ್ ೧೬ ಮಾನ ಕೆಳಗಿನ ಮಟ್ಟವನ್ನೂ ಇಟ್ಟುಕೊಂಡಿವೆ. ಇದರ ಫಲವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಅದುಮಿ ಸಿದ್ಧಪಡಿಸಿದ ಒಂದು ಹಾಡಿನ ಸರಾಸರಿ ಮಿತಿಯಿಂದ ೮ ಮಾನ ಮಾತ್ರ ಕೆಳಗಿದ್ದರೆ, ೧೪ರ ನಿಯಮಕ್ಕೆ ತರುವಾಗ ಅದನ್ನು ೬ ಡೆಸಿಬೆಲ್ ಇಳಿಸಲಾಗುತ್ತದೆ. ಅದರ ಶಿಖರಗಳೂ ಅಷ್ಟೇ ಇಳಿದು, ಮೇಲೆ ಉಳಿದ ಅವಕಾಶ ಬರಿದಾಗಿರುತ್ತದೆ. ಅದುಮದೆ ೧೪ರಲ್ಲಿಯೇ ಸಿದ್ಧಪಡಿಸಿದ ಇನ್ನೊಂದು ಹಾಡು ಅದರಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ. ಮೇಲಾಗಿ ತಾಳದ ಪೆಟ್ಟುಗಳು ಅದರಲ್ಲಿ ಜೀವಂತವಾಗಿರುತ್ತವೆ. ಎಂದರೆ, ಅದುಮಿದವನಿಗೆ ಲಾಭವೇನೂ ಉಳಿಯಲಿಲ್ಲ. ನಷ್ಟ ಮಾತ್ರ ಉಳಿಯಿತು.

ಇಷ್ಟರಿಂದ ಸ್ಪರ್ಧೆ ಮುಗಿಯಿತೆಂದು ಹೇಳುವಂತಿಲ್ಲ. ಸಮೀಕರಣವನ್ನು ಕೇಳುಗನು ನಿಲ್ಲಿಸಿಕೊಳ್ಳಬಹುದು. ಎಷ್ಟೋ ಯಂತ್ರಗಳಲ್ಲಿ ಅದು ಇಲ್ಲವೇ ಇಲ್ಲ. ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಮುದ್ರಿಸುವವರೂ ಇದ್ದಾರೆ. ಅಲ್ಲದೆ ತೀರ ಮೆಲ್ಲಗಿರುವ ಮುದ್ರಿಕೆಯನ್ನು ಮೇಲೆತ್ತುವಾಗ ಅದರ ಶಿಖರಗಳು ಮಿತಿಗೆ ತಾಗುತ್ತವೆ. ಆಗ ಯಂತ್ರವು ಅರ್ಧದಲ್ಲೇ ನಿಲ್ಲಬೇಕು, ಇಲ್ಲವೇ ತಾನೂ ಶಿಖರಗಳನ್ನು ಅದುಮಬೇಕು. ಆದಕಾರಣ ಎಲ್ಲವನ್ನೂ ಮೇಲೆತ್ತುವುದಕ್ಕಿಂತ ಗಟ್ಟಿಯಾದದ್ದನ್ನು ಕೆಳಗಿಳಿಸುವ ಸಮೀಕರಣವೇ ಧ್ವನಿಯ ಗುಣಕ್ಕೆ ಹಿತಕರ.

೭

ಗುಣಮಟ್ಟದ ಪ್ರಶ್ನೆಯ ಜೊತೆಯಲ್ಲಿಯೇ ಕಿವಿಯ ಆರೋಗ್ಯದ ಪ್ರಶ್ನೆಯೂ ಬೆಳೆದುಬಂದಿದೆ. ಸಂಚಾರಿ ಯಂತ್ರಗಳ ಗರಿಷ್ಠ ಧ್ವನಿಗೆ ೧೦೦ ಡೆಸಿಬೆಲ್‌ಗಳ ಮಿತಿಯನ್ನು ಫ್ರಾನ್ಸ್ ದೇಶವು ೧೯೯೬ರಷ್ಟು ಹಿಂದೆಯೇ ಕಾನೂನಿನಿಂದ ವಿಧಿಸಿತು. ೨೦೦೨ರಲ್ಲಿ ಐಪಾಡ್ ಈ ಮಿತಿಯನ್ನು ಮೀರುತ್ತದೆಂದು ಕಂಡುಬಂದಾಗ ಆ ದೇಶದಲ್ಲಿ ಅದರ ಮಾರಾಟ ನಿಂತು, ತಂತ್ರಾಂಶವನ್ನು ತಿದ್ದಿದ ಮೇಲೆ ಮುಂದುವರಿಯಿತು. ಅನಂತರ ಯುರೋಪಿನ ಮಾನಕವು ೮೫ ಡೆಸಿಬೆಲ್‌ಗಳನ್ನು ಸಾಮಾನ್ಯ ಮಿತಿಯಾಗಿ ಇಟ್ಟು, ಅದನ್ನು ದಾಟುವವನಿಗೆ ಎಚ್ಚರಿಕೆಯ ಸೂಚನೆ ತೋರಿಸಬೇಕೆಂದು ವಿಧಿಸಿತು.

ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಕೂಡಿ ರೂಪಿಸಿ ೨೦೧೯ರಲ್ಲಿ ಜಗತ್ತಿಗೆ ಸಾರಿದ ಮಾನಕದ ಪ್ರಕಾರ, ವಯಸ್ಕರು ವಾರಕ್ಕೆ ೪೦ ಗಂಟೆಗಳವರೆಗೆ ೮೦ ಡೆಸಿಬೆಲ್‌ಗಳಲ್ಲಿ ಕೇಳಬಹುದು, ಮಕ್ಕಳಿಗೆ ೭೫. ಮಟ್ಟ ೩ ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ: ೮೩ಕ್ಕೆ ೨೦ ಗಂಟೆ, ೮೬ಕ್ಕೆ ೧೦ ಗಂಟೆ, ೮೯ಕ್ಕೆ ೫ ಗಂಟೆ. ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಅಪಾಯವನ್ನು ಲೆಕ್ಕಹಾಕುವುದು ಧ್ವನಿಯ ಕ್ಷಣಿಕ ಶಿಖರದಿಂದಲ್ಲ. ಕಾಲದೊಡನೆ ಕೂಡಿಬರುವ ಒಟ್ಟು ಪ್ರಮಾಣದಿಂದ. ಅಂದಮೇಲೆ ಸರಾಸರಿಯನ್ನು ಅಳೆಯುವ ಕೋಲು ಸಂಗೀತಕ್ಕೆ ಹೇಗೋ ಕಿವಿಗೂ ಹಾಗೆಯೇ ಸತ್ಯವಾದ ಕೋಲು. ಮೆಲ್ಲಗಿನ ಹಾಡಿಗೆಂದು ಏರಿಸಿದ ವಾಲ್ಯೂಂ ಮುಂದಿನ ಗಟ್ಟಿ ಹಾಡಿಗೂ ಹಾಗೆಯೇ ಉಳಿಯುವ ಅಪಾಯವನ್ನು ಸಮೀಕರಣ ತಪ್ಪಿಸುತ್ತದೆ. ಹೊರಗಿನ ಗದ್ದಲವನ್ನು ತಡೆಯುವ ಹೆಡ್‌ಫೋನುಗಳೂ ಈ ದಿಕ್ಕಿನಲ್ಲಿ ನೆರವಾಗುತ್ತವೆ.

೮

ಕೊನೆಯದಾಗಿ, ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದರಿಂದ ಅರಿಯಬೇಕಾದುದೇನು? ಒಂದು ಸಿಡಿ ಅಥವಾ ಕಡತದ ಮೇಲೆ ಹಳೆಯ ವರ್ಷ ನಮೂದಾಗಿದ್ದ ಮಾತ್ರಕ್ಕೆ ಅದರ ಧ್ವನಿ ಆ ವರ್ಷದ್ದೆಂದು ನಂಬಲಾಗದು. ೨೦೦೯ರಲ್ಲಿ ಬೀಟಲ್ಸ್ ತಂಡದ ಮುದ್ರಿಕೆಗಳನ್ನು ಹೊಸದಾಗಿ ಸಿದ್ಧಪಡಿಸಿದಾಗ ಸ್ಟೀರಿಯೋ ಆವೃತ್ತಿಗೆ ಮಿತವಾಗಿ ಲಿಮಿಟರ್ ಬಳಸಿದರು. ಮೋನೋ ಆವೃತ್ತಿಗೆ ಬಳಸಲಿಲ್ಲ. ಒಂದೇ ಹಾಡಿಗೆ ಒಂದೇ ವರ್ಷದಲ್ಲಿ ಎರಡು ಪಾಠಗಳು ಹುಟ್ಟಿದಂತಾಯಿತು. ಹಸ್ತಪ್ರತಿಗಳಲ್ಲಿ ಪಾಠಾಂತರಗಳನ್ನು ಗುರುತಿಸುವ ನಾವು ಧ್ವನಿಮುದ್ರಿಕೆಗಳಲ್ಲಿ ಅದನ್ನು ಕಡೆಗಣಿಸುವುದು ಉಚಿತವಲ್ಲ.

ಧಾರವಾಡದ ಮಲ್ಲಿಕಾರ್ಜುನ ಮನಸೂರರಂತಹ ಗಾಯಕರ ಹಳೆಯ ತಟ್ಟೆಗಳು ಇಂದು ಅಂಕೀಯ ರೂಪದಲ್ಲಿ ಕೈಯಿಂದ ಕೈಗೆ ದಾಟುತ್ತಿವೆ. ಹೊಸ ಚಲನಚಿತ್ರಗೀತೆಯ ಪಕ್ಕದಲ್ಲಿ ಅವು ಮೆಲ್ಲಗೆ ಕೇಳಿಸುತ್ತವೆಂಬ ಕಾರಣದಿಂದ ಅವುಗಳನ್ನು ಲಿಮಿಟರಿನಿಂದ ಅದುಮಿ, ಸದ್ದನ್ನು ಸೋಸಿ, ಹೊಸ ಕಡತವನ್ನಷ್ಟೇ ಉಳಿಸಿಕೊಂಡು ಹಳೆಯದನ್ನು ಅಳಿಸಿಹಾಕುವವರು ತಾವು ಸೇವೆಯನ್ನೇ ಮಾಡುತ್ತಿದ್ದೇವೆಂದು ಭಾವಿಸುತ್ತಾರೆ. ಆದರೆ ಒಂದು ಸ್ವರವನ್ನು ಗಾಯಕನು ಎಷ್ಟು ಮೆಲ್ಲಗೆ ಹಿಡಿದನು, ಎಲ್ಲಿ ಬಲಗೊಟ್ಟನು ಎಂಬುದು ಆ ಗಾಯನದ ಅರ್ಥದ ಒಂದು ಭಾಗ. ಅದು ಒಮ್ಮೆ ಹೋದರೆ ಯಾವ ಯಂತ್ರವೂ ಅದನ್ನು ಯಥಾವತ್ತಾಗಿ ಮರಳಿಸಲಾರದು. ಕಾಲೇಜುಗಳ ಗ್ರಂಥಾಲಯಗಳೂ ಸಂಗೀತ ವಿಭಾಗಗಳೂ ಧ್ವನಿಸಂಗ್ರಹಕ್ಕೆ ತೊಡಗುವಾಗ ಮೂಲ ಕಡತವನ್ನು ಮುಟ್ಟದೆ ಇಡಬೇಕು. ಯಾವ ತಟ್ಟೆಯಿಂದ, ಯಾವ ಯಂತ್ರದಿಂದ, ಯಾವ ವರ್ಷದಲ್ಲಿ ಅದನ್ನು ತೆಗೆದುಕೊಂಡರೆಂಬುದನ್ನು ಬರೆದಿಡಬೇಕು. ಕೇಳುವ ಸೌಕರ್ಯಕ್ಕೆ ಬೇಕಾದ ಸಮೀಕರಣವನ್ನು ಟಿಪ್ಪಣಿಯ ರೂಪದಲ್ಲಿ ಮಾತ್ರ ಸೇರಿಸಬೇಕು. ಇದಕ್ಕೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ. ಮೂಲವನ್ನು ಕುರಿತ ಗೌರವವೊಂದು ಬೇಕು.

ಮೇಲ್ಕಂಡ ವಿವರಗಳಿಂದ ಎರಡು ಅಂಶಗಳು ಸ್ಥಿರಪಡುತ್ತವೆಂದು ನಮ್ಮ ಅಭಿಪ್ರಾಯ. ಧ್ವನಿಮುದ್ರಿಕೆಗಳ ಗಟ್ಟಿತನದ ಓಟಕ್ಕೆ ಕಾರಣವಾದದ್ದು ಅಂಕೀಯ ಯಂತ್ರದ ಅಶಕ್ತಿಯಲ್ಲ. ಅದು ಹಿಂದೆಂದಿಗಿಂತಲೂ ವಿಶಾಲವಾದ ಅವಕಾಶವನ್ನು ಕೊಟ್ಟಿತ್ತು. ಶಿಖರವನ್ನು ಮಾತ್ರ ನೋಡಿ ಸರಾಸರಿಯನ್ನು ನೋಡದ ಅಳತೆಗೋಲೇ ಅದಕ್ಕೆ ಕಾರಣ. ಇದು ಒಂದನೆಯದು. ಹಾಗೆಯೇ, ಸಂಗೀತಪ್ರೇಮಿಗಳ ಬೋಧನೆ ಮನವಿಗಳು ವರ್ಷಗಟ್ಟಲೆ ನಡೆದರೂ ಸಾಧ್ಯವಾಗದಿದ್ದದ್ದು, ಕಿವಿಯ ಅನುಭವಕ್ಕೆ ಹೊಂದುವ ಹೊಸ ಮಾನವೊಂದು ಬಳಕೆಗೆ ಬಂದ ಮೇಲೆ ಒಂದಿಷ್ಟಾದರೂ ಸಾಧ್ಯವಾಯಿತು. ಇದು ಎರಡನೆಯದು. ಕೇಳುಗನ ಕೈಯಲ್ಲಿರುವ ಯಂತ್ರಗಳು ಬಹು ಬೇಗ ಬದಲಾಗುತ್ತವೆ: ಕ್ಯಾಸೆಟ್ ವಾಕ್‌ಮನ್ನಿನ ಮಾರಾಟವನ್ನು ಜಪಾನಿನಲ್ಲಿ ೨೦೧೦ರಲ್ಲಿಯೂ, ಐಪಾಡ್ ವಂಶದ ಕೊನೆಯ ಯಂತ್ರವನ್ನು ೨೦೨೨ರಲ್ಲಿಯೂ ನಿಲ್ಲಿಸಲಾಯಿತು. ಅವುಗಳ ಸ್ಥಾನಕ್ಕೆ ದೂರವಾಣಿ ಬಂದಿದೆ. ನಾಳೆ ಮತ್ತೊಂದು ಬಂದೀತು. ಆದರೆ ಈ ಯಂತ್ರಗಳಿಗಾಗಿ ಅದುಮಿಟ್ಟ ಮುದ್ರಿಕೆಗಳು ಅದುಮಿದಂತೆಯೇ ಉಳಿದಿವೆ. ಯಂತ್ರದ ಆಯುಷ್ಯಕ್ಕಿಂತ ದಾಖಲೆಯ ಆಯುಷ್ಯ ದೀರ್ಘವಾದುದೆಂಬುದನ್ನು ನೆನಪಿನಲ್ಲಿಟ್ಟುಕೊಂಡು, ಈ ಕ್ಷೇತ್ರದಲ್ಲಿ ನಮ್ಮ ವಿದ್ಯಾರ್ಥಿಗಳು ಇನ್ನೂ ಹೆಚ್ಚಿನ ಸಂಶೋಧನೆಗೆ ತೊಡಗುವರೆಂದು ಆಶಿಸುತ್ತೇವೆ.